ನೆರಳು ಬೀಳಲಿಲ್ಲ

ಕಲ್ಲಿದ್ದರೆ ಅದರ ಬೆನ್ನಿಗೊಂದು ನೆರಳು ಬೀಳಬೇಕು.
ಸ್ಕ್ಯಾನಿನ ಕತ್ತಲ ಕೋಣೆಯಲ್ಲಿ ನಾನು ಕಲಿತ ಮೊದಲ ಪಾಠ:
ಸದ್ದು ಕಲ್ಲಿಗೆ ಬಡಿದು ಅಲ್ಲೇ ನಿಲ್ಲುತ್ತದೆ,
ಹಿಂದೆ ಒಂದು ಕಪ್ಪು ಪಟ್ಟೆ,
ಕಾಫಿ ಕಣದ ಮೇಲೆ ಸಿಲ್ವರ್ ಮರ ಚಾಚಿದ ಹಾಗೆ.

ಬೊಳ್ಳನ ಹೊಟ್ಟೆಯಲ್ಲಿ ನೆರಳಿರಲಿಲ್ಲ.

ಮಡಿಕೇರಿ. ರಾತ್ರಿ ಎರಡೂವರೆ.
ಐಸಿಯುಗೇ ಉರುಳಿಸಿ ತಂದ ಯಂತ್ರ,
ಅದರ ಒಂದು ಚಕ್ರ ಸದಾ ಕಿರಗುಟ್ಟುತ್ತದೆ.
ಅಮ್ಮತ್ತಿ ಕಡೆಯ ತೋಟದಲ್ಲಿ ಕರಿಮೆಣಸು ಕೊಯ್ಯುತ್ತ
ಒಂಟಿ ಬಿದಿರೇಣಿಯ ತುದಿಗಣ್ಣಿನಿಂದ ಬಿದ್ದವನು.
ತೊಡೆ, ಸೊಂಟ, ನಾಲ್ಕು ಪಕ್ಕೆಲುಬು.
ಹದಿನಾರು ದಿನ ಬಾಯಿಗೆ ಏನೂ ಇಲ್ಲ,
ಎಲ್ಲ ನರದ ಮೂಲಕ, ಬಾಟಲಿಯಿಂದ.
ಮೂಳೆ ಕೂಡುತ್ತಿದೆ ಎಂದು ನಾವೆಲ್ಲ ಹಗುರಾಗಿದ್ದಾಗ
ಜ್ವರ ಬಂತು.

ಪಿತ್ತಕೋಶ ಬಲಿತ ಬದನೆಯಷ್ಟು ಊದಿತ್ತು.
ಗೋಡೆ ಏಳು ಮಿಲಿಮೀಟರ್. ಸುತ್ತ ನೀರು.
ಒಳಗೆ ಕೆಸರು.
ಉಸಿರು ಹಿಡಿ ಎನ್ನುವಂತಿಲ್ಲ,
ವೆಂಟಿಲೇಟರಿನ ಉಸಿರಿಗೇ ಕಾದು ಇನ್ನೊಮ್ಮೆ ನೋಡಿದೆ.
ಕಲ್ಲಿಲ್ಲ.

ಅನ್ನ ಬಂದಾಗ ಹಿಂಡಿಕೊಳ್ಳುವುದು ಅದರ ಕೆಲಸ.
ಅನ್ನ ಬರಲಿಲ್ಲ.
ಕೂಲಿಗೆ ಕರೆಯದ ಆಳು ಲೈನಿನ ಜಗಲಿಯಲ್ಲಿ ಕೂತಂತೆ
ಪಿತ್ತ ನಿಂತಲ್ಲೇ ನಿಂತು, ಮಡುಗಟ್ಟಿ,
ತನ್ನ ಪಾತ್ರೆಯನ್ನೇ ಸುಟ್ಟಿತು.
ನೆತ್ತಿಗೇರಲಿಕ್ಕೂ ತ್ರಾಣವಿಲ್ಲದ ಪಿತ್ತ.

ಕೊಯ್ದರೆ ಮೇಜಿನ ಮೇಲೇ ಹೋದಾನು, ಎಂದರು ಸರ್ಜನ್ ಉತ್ತಯ್ಯ.
ಬಿಟ್ಟರೆ ಒಡೆದೀತು.
ನನ್ನ ಕಡೆ ನೋಡಿದರು.

ಪಕ್ಕೆಲುಬಿನ ಸಂದಿನಿಂದ, ಯಕೃತ್ತಿನ ಅಂಚು ಹಾದು
ಒಂದು ಸೂಜಿ,
ಸೂಜಿಯೊಳಗಿಂದ ತಂತಿ, ತಂತಿಯ ಮೇಲೆ ಕೊಳವೆ.
ಚೀಲಕ್ಕೆ ಇಳಿದದ್ದನ್ನು ಕಂಡು ಅವನ ಹೆಂಡತಿ ಕರ್ಪಿ ಅಂದಳು:
"ಕಾಚಂಪುಳಿ ಥರ ಇದೆ."
ಹೌದು. ಅಷ್ಟೇ ಕಪ್ಪು, ಅಷ್ಟೇ ಮಂದ.
ಆ ವರ್ಷದ ಹಬ್ಬಕ್ಕೆ ನಮ್ಮ ಮನೆಯ ಪಂದಿಕರಿಗೆ
ಹುಳಿ ಹಾಕಿದ್ದು ನನ್ನ ನಾದಿನಿ.

ಎಲ್ಲರೂ ಉಳಿಯುವುದಿಲ್ಲ, ಅದನ್ನೂ ಹೇಳಬೇಕು.
ನನ್ನ ನೋಟುಬುಕ್ಕಿನಲ್ಲಿ ಕಲ್ಲಿಲ್ಲದವರು ಒಂಬತ್ತು ಜನ,
ಮೂವರ ಹೆಸರಿನ ಮುಂದೆ ಬರೀ ತಾರೀಖು.
ಕುಶಾಲನಗರದ ಸುಟ್ಟಗಾಯದ ಹುಡುಗಿಗೆ
ಎರಡು ದಿನ ತಡವಾಗಿ ಸ್ಕ್ಯಾನ್ ಮಾಡಿದೆ.
ನೋವು ಹೇಳಲು ಅವಳಿಗೆ ಎಚ್ಚರವಿರಲಿಲ್ಲ,
ಕೇಳಲು ನನಗೆ.

ಬೊಳ್ಳನ ಜ್ವರ ಮೂರನೇ ದಿನ ಇಳಿಯಿತು.
ವಾರ ಕಳೆದು ಗಂಜಿ, ಆಮೇಲೆ ಒಂದು ಚಮಚ ತುಪ್ಪ.
ಆರನೇ ವಾರ ಕೊಳವೆಯೊಳಗೆ ಡೈ ಬಿಟ್ಟು ನೋಡಿದೆ,
ಸರಾಗ ಕರುಳಿಗೆ ಇಳಿಯಿತು.
ಕೊಳವೆ ಎಳೆದೆ. ಪಿತ್ತಕೋಶ ಅವನಲ್ಲೇ ಉಳಿಯಿತು.
ಪಕ್ಕದ ಹಾಸಿಗೆಯಾತ ತನ್ನ ಹನ್ನೊಂದು ಕಲ್ಲುಗಳನ್ನು
ಹಾರ್ಲಿಕ್ಸ್ ಬಾಟಲಿಯಲ್ಲಿ ಕುಲುಕುತ್ತಿದ್ದ,
ಮಗು ಗೆಜ್ಜೆ ಆಡಿಸಿದಂತೆ.

ಕರ್ಪಿ ಬಾಗಿಲಲ್ಲೇ ನಿಂತಿದ್ದಳು.
"ನಮ್ಮವರದ್ದು ಕಲ್ಲು ಇತ್ತಾ?"
ಇರಲಿಲ್ಲ.
"ಹಾಗಂತ ಬರೆದು ಕೊಡಿ.
ತೋಟದ ರೈಟರ್ ಹೇಳ್ತಾರೆ, ಕಾಲು ನಮ್ಮ ಲೆಕ್ಕ,
ಹೊಟ್ಟೆ ಅವನ ಲೆಕ್ಕ,
ಮರದಿಂದ ಬಿದ್ದರೆ ಹೊಟ್ಟೇಲಿ ಕಲ್ಲು ಬರ್ತದಾ ಅಂತ.
ಏಣಿಯಿಂದ ಬಿದ್ದದ್ದು, ಉಪವಾಸ ಬಿದ್ದದ್ದು,
ಎರಡೂ ಒಂದೇ ಬೀಳು ಅಲ್ವಾ, ಅಮ್ಮ?"

ಕಲ್ಲು ಕಂಡುಬಂದಿಲ್ಲ:
ಈ ಎರಡು ಪದವನ್ನು ಸಾವಿರ ಸಲ ಬರೆದಿದ್ದೇನೆ,
ಹೋಗಿ, ಏನೂ ಇಲ್ಲ ಎನ್ನುವ ಹಾಗೆ.
ಈ ಸಲ ಅದರ ಕೆಳಗೆ ಮತ್ತೆ ಆರು ಸಾಲು ಬರೆದೆ,
ಬಿದಿರೇಣಿಯಿಂದ ಕಾಚಂಪುಳಿಯವರೆಗೆ.

ಅವಳು ಬೆರಳಿಟ್ಟು ಓದಿದಳು, ನಿಧಾನ, ಕೊನೆಯವರೆಗೆ.
"ತಾರೀಖು ತಪ್ಪು. ಹನ್ನೊಂದಲ್ಲ, ಹತ್ತು.
ಭಾನುವಾರ.
ರಜೆ ದಿನ ಏಣಿ ಹತ್ತಿಸಿದ್ದು, ಅದೂ ಇರಲಿ."

ತಿದ್ದಿದೆ.
ಸೀಲು ಇನ್ನೊಮ್ಮೆ ಒತ್ತಿದೆ.