ಎತ್ತರದ ಮೇಜು

ಪಿಥೋರಾಗಢದ ಪೊಲೀಸ್ ಮೈದಾನದಲ್ಲಿ ನನ್ನದು ಎತ್ತರದ ಮೇಜು.
ಒಂದು ಮರದ ಹಲಗೆ, ಮೇಲೆ ಜಾರುವ ಪಟ್ಟಿ,
ತಲೆಗೆ ತಾಗಿದಲ್ಲಿ ನಿಲ್ಲಿಸಿ ಅಂಕಿ ಕೂಗುವುದು.
ಓಟ ನೋಡುವವರು ಬೇರೆ,
ಗುಂಡು ಎಸೆತಕ್ಕೆ ಬೇರೆ, ಹಲ್ಲು ಎಣಿಸುವವರು ಬೇರೆ.

ಹೆಣ್ಣುಮಕ್ಕಳಿಗೆ ನೂರ ಐವತ್ತೆರಡು.
ಬೆಟ್ಟದವರಿಗೆ ಐದು ಮಾಫಿ.
ಅದಕ್ಕೂ ಒಂದು ನೂಲು ಕಡಿಮೆ ಬಿದ್ದರೆ
ಗೇಟಿನಾಚೆ ಚಹಾದವನ ಬೆಂಚಿನ ಮೇಲೆ ಕೂತು ಅಳಬೇಕು.

ಬೆಳಗಿನ ಮನುಷ್ಯ ಸಂಜೆಯವನಿಗಿಂತ ಎತ್ತರ,
ನನ್ನ ಮೇಜಿಗೆ ಬರುವವರಿಗೆಲ್ಲ ಇದು ಗೊತ್ತು.
ಮಲಗಿದಾಗ ಬೆನ್ನಿನ ಮಣಿಗಳ ನಡುವೆ
ನೆನೆದ ಕಡಲೆಯ ಹಾಗೆ ಏನೋ ಊದಿಕೊಳ್ಳುತ್ತದೆ;
ಎದ್ದು ನಿಂತ ಗಳಿಗೆಯಿಂದ
ಭೂಮಿ ತನ್ನ ಬಾಕಿ ವಸೂಲಿಗೆ ಇಳಿಯುತ್ತದೆ.

ಹೀರಾ ಧಾಮಿ, ಎದೆಯ ಚೀಟಿ ಆರುನೂರ ಹನ್ನೊಂದು,
ಮುನ್ಸ್ಯಾರಿಯಿಂದ ಮಲಗಿಕೊಂಡೇ ಬಂದಳು.
ಅಣ್ಣನ ಜೀಪಿನ ಹಿಂದೆ, ಚಾಪೆಯ ಮೇಲೆ,
ರಾತ್ರಿಯಿಡೀ, ತಿರುವಿಗೊಂದು ವಾಂತಿ,
ಅದೂ ತಲೆ ಎತ್ತದೆ.
ಥಲ್‌ ಪೇಟೆಯಲ್ಲಿ ಒಬ್ಬ ಮುದುಕಿ
ಹೆಣವೆಂದುಕೊಂಡು ಕೈಮುಗಿದಳಂತೆ.
ಹೆಣ ಕಣ್ಣುಬಿಟ್ಟು ಕೇಳಿತಂತೆ:
"ಆಮಾ, ಗಂಟೆ ಎಷ್ಟಾಯ್ತು?"

ಆರಕ್ಕೆ ಗೇಟು ತೆರೆದಾಗ ಎಲ್ಲ ಸರಿಯಿತ್ತು.
ಆಮೇಲೆ ಸಾಹೇಬರು ಬರಲಿಲ್ಲ.
ಸಾಹೇಬರು ಬಂದರು, ರಿಜಿಸ್ಟರು ಬರಲಿಲ್ಲ.
ಹತ್ತು ಗಂಟೆಗೆ ನಾನು ಕೂಗಿದ್ದು: ಒಂದು!

ನಿಂತರೆ ಕರಗುತ್ತೇನೆ, ಅಂದಳು.
ಸಾಲಿನಲ್ಲೇ ಚಾಪೆ ಹಾಸಿ ಮಲಗಿಬಿಟ್ಟಳು.

ಸಿಪಾಯಿ ಲಾಠಿ ಕುಟ್ಟಿದ: ಸಾಲು ಅಂದರೆ ನಿಲ್ಲೋದು.
ನಿಯಮದಲ್ಲಿ ತೋರಿಸಿ, ಎಂದಳು, ಆಕಾಶ ನೋಡುತ್ತ.
ಪುಸ್ತಕ ನನ್ನ ಮೇಜಿನ ಮೇಲಿತ್ತು. ತಿರುವಿದೆ.
ಎಷ್ಟು ಎತ್ತರ, ಎಷ್ಟು ತೂಕ, ಎಷ್ಟು ಸೆಕೆಂಡು.
ಕಾಯುವುದು ಹೇಗೆಂದು ಯಾರೂ ಬರೆದಿರಲಿಲ್ಲ.

ಸಾಲು ಸರಿದಾಗ
ಆರುನೂರ ಹನ್ನೆರಡು ಬಗ್ಗಿ
ಚಾಪೆಯ ಒಂದು ತುದಿ ಹಿಡಿದಳು.
ಆರುನೂರ ಹತ್ತು ಹಿಂತಿರುಗಿ ಇನ್ನೊಂದು.
ಒಂದು ಹೆಜ್ಜೆ. ಇಳಿಸಿದರು.
ಮತ್ತೆ ಒಂದು ಹೆಜ್ಜೆ.
ನಲವತ್ತು ಹುದ್ದೆ, ಎಂಟುನೂರು ಹುಡುಗಿಯರು;
ಲೆಕ್ಕ ಬರದವರಲ್ಲ, ಪರೀಕ್ಷೆ ಪಾಸಾಗಿಯೇ ಬಂದವರು.
ಕೈ ಸೋತರೆ ಇನ್ನಿಬ್ಬರು ಬಂದರು.
ಒಬ್ಬಳು ಬಿಸಿಲಿಗೆ ದುಪಟ್ಟಾ ಅಡ್ಡ ಹಿಡಿದಳು, ಬೈಯುತ್ತಲೇ:
"ಮಹಾರಾಣಿ, ಕಾಲಾದರೂ ಅಲ್ಲಾಡಿಸು, ಸತ್ತೀಯ."

ನಾಲ್ಕೂವರೆಗೆ ಪಲ್ಲಕ್ಕಿ ಮೇಜು ತಲುಪಿತು.
ಮೂವರು ಸೇರಿ ಎಬ್ಬಿಸಿ ನಿಲ್ಲಿಸಿದರು,
ಕಂಬ ನೆಟ್ಟ ಹಾಗೆ.
ಹಿಮ್ಮಡಿ ಹಲಗೆಗೆ. ಜಡೆ ಬಿಚ್ಚು. ಗದ್ದ ಇಳಿಸು.
ಪಟ್ಟಿ ಇಳಿಸಿದೆ. ಇಪ್ಪತ್ತಾರು ವರ್ಷ ಇಳಿಸಿದ ಕೈ,
ಯಾರ ತಲೆಯ ಮೇಲೂ ಒತ್ತಿಲ್ಲ,
ಯಾರ ತಲೆಯ ಮೇಲೂ ತೇಲಿಸಿಲ್ಲ.
ಬೆನ್ನ ಹಿಂದೆ ಸಾಲಿಗೆ ಸಾಲೇ ತುದಿಗಾಲಲ್ಲಿ.

ನೂರ ನಲವತ್ತೇಳು ಪಾಯಿಂಟ್ ಸೊನ್ನೆ.
ಇನ್ನೊಮ್ಮೆ ಕೂಗಿ, ಎಂದರು ಸಾಹೇಬರು.
ಕೂಗಿದೆ.

ಓಟದಲ್ಲಿ ಏನಾದಳೋ ತಿಳಿಯದು.
ಅದು ಬೇರೆ ಮೇಜು, ಬೇರೆ ಪುಸ್ತಕ, ಮಾರನೆಯ ದಿನ.

ಎಲ್ಲ ಹೋದಮೇಲೆ ಬೂಟು ಬಿಚ್ಚಿ
ನಾನೇ ಹಲಗೆಗೆ ಬೆನ್ನು ಕೊಟ್ಟೆ.
ಕೈ ಮೇಲೆತ್ತಿ ಪಟ್ಟಿ ಇಳಿಸಿಕೊಂಡೆ,
ಬೆರಳಲ್ಲಿ ಹಿಡಿದು, ತಿರುಗಿ ನೋಡಿದೆ.
ಸೇರಿದಾಗ ಬರೆದದ್ದು ನೂರ ಅರವತ್ತಾರು.
ಈಗ ನೂರ ಅರವತ್ತಮೂರೂವರೆ. ಸಂಜೆ ಬೇರೆ.

ಚಾಪೆ ಅಲ್ಲೇ ಬಿದ್ದಿತ್ತು, ನಾಲ್ಕೂ ತುದಿ ಹಿಂಜಿ.
ಸುಮ್ಮನೆ ಮಲಗಿದೆ.
ಕಾವಲಿನ ಹುಡುಗ ದೂರದಿಂದ ಟಾರ್ಚು ಬಿಟ್ಟ:
ಯಾರದು?
ಎಂಟುನೂರ ಒಂದು, ಎಂದೆ.