ಬಣ್ಣದ ಕಾಲಂ

ಮೊದಲ ದಿನ ಬಾಟಲಿ ಕಿಡಕಿಯ ಬೆಳಕಿಗೆ ಹಿಡಿದು
ತಾನೇ ಹೇಳಿದ ಸಾತಲಿಂಗಪ್ಪ:
‘ಬರಕೋ ತಂಗಿ, ಡಾಳಿಂಬದ ಹೂ. ಎರಡನೇ ಅದ್ದು.’
ನಾ ಬರೆದೆ: ಕೆಂಪು.
ಫಾರ್ಮಿನಾಗ ಅಷ್ಟಕ್ಕಷ್ಟೇ ಜಾಗಾ.

ಸೊಲ್ಲಾಪುರದ ಅಶೋಕ ಚೌಕದ ಹಿಂದ, ಬಣ್ಣದ ಮನಿಯೊಳಗ
ಮೂವತ್ತೊಂದು ವರ್ಷ ಚಾದರದ ನೂಲು ಅದ್ದಿದ ಕೈ.
ಸೋಮವಾರ ಮೊಣಕೈಮಟ ನೀಲಿ, ಗುರುವಾರ ಹಸಿರು,
ಉಗುರಿನ ಸಂದಿಗೆ ಸೂಟಿ ಅನ್ನೂದೇ ಇರಲಿಲ್ಲ.
ಕೈಯಾಂದು ತೊಳೆದರ ಹೋಗತಿತ್ತು.
ಉಸಿರಿನ್ಯಾಗ ಹೋದದ್ದು, ತೊಗಲಿನ್ಯಾಗ ಇಳದದ್ದು
ರಕ್ತ ಸುತ್ತಿ, ಮೂತ್ರಪಿಂಡ ದಾಟಿ,
ಚೀಲದಾಗ ಬಂದು ಕುಂತು
ಮುಂಜಾನಿ ತನಕ ಕಾಯತಿತ್ತು.
‘ಹೊಲಸು ನೀರು ನಾಲಾಕ್ಕ ಬಿಡತಿದ್ವಿ,’ ಅಂದ.
‘ಒಳಗೂ ಒಂದು ನಾಲಾ ಇತ್ತು.’

ನನ್ನ ಕೆಲಸ ಮೇಣ ಹೆರೆಯೂದು.
ಅವನ ಗಂಟಿನ ತುಂಡು, ಅಕ್ಕಿಕಾಳಿನಷ್ಟು,
ಮೇಣದಾಗ ಹುಗಿದು, ನೊಣದ ರೆಕ್ಕಿಗಿಂತ ತೆಳ್ಳಗ ಹೆರೆದು,
ಬಿಸಿನೀರಿನ ಮ್ಯಾಲ ತೇಲಿಬಿಟ್ಟು ಗಾಜಿಗೆ ಹಿಡೀತೀನಿ.
ಆಮ್ಯಾಲ ಎರಡು ಬಣ್ಣ. ಒಂದು ಬದನೀಕಾಯಿ, ಒಂದು ಪೇರಲದ ತಿರುಳು.
‘ತುರಟಿ ಹಾಕತೀರೇನು?’ ಬಾಗಲದಾಗ ನಿಂತು ಕೇಳಿದ.
ಹೌದ್ರಿ, ಇಲ್ಲಂದರ ಹಿಡಿಯೂದಿಲ್ಲ.
‘ಮತ್ತ!’ ಅಂದ, ತನ್ನದೇ ಅಂಗಡಿಗೆ ಬಂದವರ ಹಂಗ.
ಒಂದು ಕಣ್ಣು ಮುಚ್ಚಿ, ತನ್ನ ಕೋಶ ತಾನೇ ನೋಡಿ:
‘ಬದನೀಕಾಯಿ ಹೆಚ್ಚಾಗ್ಯಾದ. ಎರಡು ನಿಮಿಷ ಮೊದಲ ತೆಗೀಬೇಕಿತ್ತು.’
ಹೆಚ್ಚಾಗಿದ್ದು ಬಣ್ಣ ಅಲ್ಲ ಅಂತ
ನಾ ಹೇಳಲಿಲ್ಲ.

ಅದೇ ಮೇಣದಿಂದ ನಾಕು ಸುರುಳಿ ಪುಣೆಕ್ಕ ಹೋದವು.
ಅಲ್ಲಿ ಮುಪ್ಪಿನ ಜೀನು ಎಣಸತಾರ:
ಯಾವುದು ಒದರಾಕತ್ತದ, ಯಾವುದು ಸುಮ್ಮನಾಗ್ಯಾದ,
ಕೂಡಿಸಿ ಕಳೆದು ಒಂದು ಅಂಕಿ ಮಾಡತಾರ.
‘ಕೋಶಕ್ಕ ಮುಪ್ಪು ಅಂದ್ರ?’
ಹೆಂಗ ಹೇಳಲಿ.
ಒಂದು ಎರಡಾಗೂದು ನಿಲ್ಲಿಸ್ಯಾದ, ಸಾಯಲಾಕೂ ಒಲ್ಲದು.
ಗಿರಣಿ ಮುಚ್ಚಿ ಹದಿನೆಂಟು ವರ್ಷ ಆತು,
ಪಾಳಿಯ ಹೊತ್ತಿಗೆ ಸರಿಯಾಗಿ ಬಂದು
ಗೇಟಿನ ಮುಂದ ಚಹಾದ ಗಾಡಿ ಹತ್ತಿರ ಕೂಡತಾರಲ್ಲ,
ಹಂಗ, ಅಂದೆ.
ಅಂದು ನಾಲಿಗಿ ಕಚ್ಚಿಕೊಂಡೆ. ಅವನೂ ಅಲ್ಲೇ ಕೂಡಾವ.
‘ಕುಂತರ ಯಾರಿಗೇನು ತ್ರಾಸ?’
ಸುಮ್ಮನ ಕೂಡೂದಿಲ್ರಿ. ಬಾಜೂದವಕ್ಕ
ಏನೇನರ ಹೇಳಿ ಉರಿ ಹಚ್ಚತಾವ.
ಭಾಳ ಹೊತ್ತು ನಕ್ಕ. ‘ಅದೂ ಖರೇನೇ.’

ಅಂಕಿ ಬಂತು. ಹೆಚ್ಚಿನ ಅಪಾಯದ ಗುಂಪು.
ಜೋಡಿ ಒಂದು ಚಿತ್ರ, ಎರಡು ಗೆರಿ ಮೆಟ್ಟಲ ಮೆಟ್ಟಲ ಇಳೀತಾವ,
ನೀಲಿ ಸಾವಕಾಶ, ಕೆಂಪು ದಡದಡ.
ಕೆಂಪಿನ ಮ್ಯಾಲ ಬೆರಳಿಟ್ಟು ಇಳಿದ.
‘ಈ ಮೆಟ್ಟಲ ಅಂದ್ರೇನು?’
ಒಬ್ಬ ಮನಷ್ಯಾ, ಅಂದೆ.
ಬೆರಳು ತೆಗೆದ, ಮಲಗಿದವರನ್ನ ತುಳಿದವರ ಹಂಗ.
‘ಇದರಾಗ ನಾ ಎಲ್ಲಿ?’
ಇದು ನಿಮ್ಮ ಗೆರಿ ಅಲ್ರಿ. ನಿಮಗಿಂತ ಮೊದಲಿನವರದು.
ಮೇತ್ರಿ ಡಾಕ್ಟರು ಇದನ್ನೇ ಮರಾಠಿಯೊಳಗ ಹೇಳಿದಾಗ
ಹೂಂ ಹೂಂ ಅಂತ ತಲಿ ಹಾಕಿದ್ದ.
ಕನ್ನಡದಾಗ ಕೇಳಿ ಸ್ಟೂಲಿನ ಮ್ಯಾಲ ಕುಂತ.

ಆಮ್ಯಾಲ, ನನಗಲ್ಲ, ಗ್ವಾಡಿಗೆ ಅಂದಂಗ:
‘ಶೇಡ್ ಕಾರ್ಡಿನ ಮ್ಯಾಲ ನಂಬರ ಒಂದೇ ಇರತದ.
ಹಂಡೇದಿಂದ ಏಳೂ ಬಣ್ಣ ಬ್ಯಾರೆ.
ಆ ದಿನದ ನೀರು, ಆ ನೂಲು, ಆ ಬಿಸಲು.
ಮಾಲಕಗ ಎಷ್ಟು ಹೇಳಿದರೂ ತಿಳೀಲಿಲ್ಲ,
ಪಗಾರ ಹಿಡದ.’

ಚೀಲದಾಗ ಔಷಧ ಹಾಕಿದರು, ಆರು ವಾರ.
ಏಳನೇ ವಾರ ಮತ್ತ ಬಾಟಲಿ, ಮತ್ತ ಕಿಡಕಿ.
ಹೊಳ್ಳಿಸಿ ಹೊಳ್ಳಿಸಿ ನೋಡಿ,
‘ಉಳ್ಳಾಗಡ್ಡಿ ಸಿಪ್ಪಿ,’ ಅಂದ. ‘ಕಡೀ ಅದ್ದಿನ ನೀರು.’
ಚೊಲೋದೋ ಕೆಟ್ಟದ್ದೋ, ಕೇಳಲಿಲ್ಲ.
ಕಾಲಂನಾಗ ಹಂಗೇ ಬರೆದೆ, ಕನ್ನಡದಾಗ,
ಗೆರಿ ದಾಟಿ ಬಾಜೂದ ಮನಿಗೆ ಹೋತು ಅಕ್ಷರ.
ಸಂಜಿಮುಂದ ಡಾಕ್ಟರು ಕರೆದು ಕೇಳಿದರು, ಇದೇನು?
ಬಣ್ಣ ರೀ, ಅಂದೆ.