ಮಡಿಚಿಟ್ಟ ಬಟ್ಟೆ

ಕೌಲ್ ಬಜಾರಿನ ಹಿಂದಿನ ಓಣಿಯಲ್ಲಿ
ನಾನು ಜೀನ್ಸ್ ಮಡಿಚುವವಳು.
ದಿನಕ್ಕೆ ನಾಲ್ಕು ನೂರು, ಹಬ್ಬದ ಮುಂದೆ ಐದು.
ಕಾಲಿನ ಮೇಲೆ ಕಾಲು, ಮೊಣಕಾಲಿಗೊಂದು ಮಡಿಕೆ,
ಸೊಂಟಕ್ಕೊಂದು; ಚೀಟಿ ಹೊರಗೆ ಕಾಣಬೇಕು.
ನೀಲಿ ಉಗುರಿನ ಸಂದಿಗಿಳಿದು
ಸೋಪಿಗೂ ಬಿಡದು, ನಿಂಬೆಗೂ ಬಿಡದು.
ಭಾನುವಾರ ರೊಟ್ಟಿಗೆ ಕೈಯೊಡ್ಡಿದಾಗ
ಅಯ್ಯನವರ ಕಣ್ಣು ಒಮ್ಮೆ ಅಲ್ಲೇ ನಿಲ್ಲುತ್ತದೆ.

ಅದಕ್ಕೇ ಇರಬೇಕು,
ಆ ಬೆಳಗಿನ ಸಂಗತಿ ಓದಿದಾಗೆಲ್ಲ
ದೂತರಿಗಿಂತ, ಬೆಳಕಿಗಿಂತ ಮೊದಲು
ನನಗೆ ಕಾಣುವುದು ಆ ತಲೆವಸ್ತ್ರ.
ನಾರುಬಟ್ಟೆಯ ಜೊತೆ ಬಿದ್ದಿರಲಿಲ್ಲ ಅದು,
ಬೇರೆ ಕಡೆ, ಒಪ್ಪವಾಗಿ ಇತ್ತು.

ಯಾರು ಮಡಿಚಿದರು?
ಏದುಸಿರು ಬಿಡುತ್ತ ಓಡಿ ಬಂದ ಗಂಡಸರಂತೂ ಅಲ್ಲ,
ಗಂಡಸರು ಬಟ್ಟೆ ಬಿಡುವ ಚಂದ ನನಗೆ ಗೊತ್ತು.
ಸಾವನ್ನು ಆಗಷ್ಟೇ ಬಿಚ್ಚಿ ಹಾಕಿದವನು
ಲೋಕವೆಲ್ಲ ಹೊರಗೆ ಕಾಯುತ್ತಿರುವಾಗ
ಒಂದು ಗಳಿಗೆ ನಿಂತು
ಅಂಚಿಗೆ ಅಂಚು ಕೂಡಿಸಿದನಲ್ಲ,
ಆ ಗಳಿಗೆಯನ್ನೇ ನಾನು ಮೊದಲು ನಂಬಿದ್ದು.
ಉಳಿದದ್ದನ್ನು ನಿಧಾನಕ್ಕೆ ನಂಬುತ್ತಿದ್ದೇನೆ.

ಈಸ್ಟರ್ ನಸುಕಿಗೆ ಗೋರಿಗಳ ಕಡೆ ಹೊರಟೆವು,
ಆರು ಹೆಂಗಸರು, ಒಂದೇ ಆಟೋ.
ಮೋಂಬತ್ತಿ, ಸುಣ್ಣದ ಡಬ್ಬಿ, ಕನಕಾಂಬರ.
"ಗೇಟಿಗೆ ಬೀಗ ಇದ್ರೆ?" ಅಂದಳು ಸುಕೀರ್ತಿ.
ಯಾರೂ ಉತ್ತರ ಕೊಡಲಿಲ್ಲ. ಆಟೋ ನಿಲ್ಲಿಸಲೂ ಇಲ್ಲ.
ಆಗ ಹೊಳೆಯಿತು, ಅವರೂ ಹೀಗೇ ಹೊರಟವರು,
ಕಲ್ಲು ಉರುಳಿಸುವವರು ಯಾರೆಂದು ಮಾತಾಡುತ್ತ,
ಉತ್ತರವಿಲ್ಲದೆ, ಕಾಲೂ ನಿಲ್ಲದೆ.
ನಮ್ಮೂರಿಗೆ ಕಲ್ಲೇನು ಹೊಸದೇ?
ಇಡೀ ಬಳ್ಳಾರಿ ಒಂದು ಬಂಡೆಯ ಮಗ್ಗುಲಲ್ಲಿ ಮಲಗಿ ಏಳುತ್ತದೆ.
ಅದನ್ನು ಉರುಳಿಸೆಂದು ನಾನು ಕೇಳಿದ್ದಿಲ್ಲ.
ಗೇಟು ತೆರೆದಿತ್ತು, ಅಷ್ಟೇ.

ಒಳಗೆ ಕಾವಲಿನವನು
ಬೇವಿನ ಸಸಿಗೆ ಕೊಡದಿಂದ ನೀರು ಹೊಯ್ಯುತ್ತಿದ್ದ.
ಅವನ ಮುಖವನ್ನು
ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ನೋಡಿದೆ.
"ಏನವ್ವಾ?" ಅಂದ.
"ಏನಿಲ್ಲಣ್ಣ" ಅಂದೆ.

ಸೋಮವಾರ ಕರೆಂಟಿಲ್ಲ. ಇಸ್ತ್ರಿ ತಣ್ಣಗೆ ಕೂತಿತ್ತು.
ಬಿಸಿಲು ಆಗಲೇ ತಗಡು ಹತ್ತಿತ್ತು.
ಪಕ್ಕದ ಮೇಜಿನ ಮೆಹಬೂಬಿ ಕೇಳಿದಳು,
"ಹಬ್ಬ ಆತಲ್ಲ, ಏನು ಬದಲಾತು?"
ಹೇಳಲು ಹೋದೆ, ನಾಲಗೆ ಏಳಲಿಲ್ಲ.
ಒಗ್ಗರಣೆ ಮಂಡಾಳಿನ ಪೊಟ್ಟಣ ಬಿಚ್ಚಿ
ಅವಳ ಕಡೆ ಸರಿಸಿದೆ, ಮೆಣಸಿನಕಾಯಿ ಸಮೇತ.
ಎದ್ದು ಬಂದವನೂ ಕೇಳಿದ್ದು
ತಿನ್ನಲು ಏನಾದರೂ ಇದೆಯೇ ಎಂದಲ್ಲವೇ?

ಅವತ್ತು ಸಂಜೆ
ಟ್ರಂಕಿನ ಹಿಂದಿನ ಪ್ಲಾಸ್ಟಿಕ್ ಚೀಲ ಎಳೆದೆ.
ದೊಡ್ಡಾಸ್ಪತ್ರೆಯವರು ಗಂಟು ಹಾಕಿ ಕೊಟ್ಟು
ಹನ್ನೊಂದು ತಿಂಗಳು.
ಒಳಗೆ ಅಕ್ಕ ಸಂಪೂರ್ಣಳ ಕೊನೆಯ ಸೀರೆ,
ನವಿಲುಬಣ್ಣದ ಪಾಲಿಸ್ಟರ್.
ಬಿಚ್ಚಿದರೆ ಅವಳು ಪೂರ್ತಿ ಹೋಗಿಬಿಡುತ್ತಾಳೆಂದು
ಬಿಚ್ಚಿರಲಿಲ್ಲ.

ತೋಟದಲ್ಲಿ ಅಳುತ್ತಿದ್ದವಳಿಗೆ
ಹಿಡಿದುಕೊಳ್ಳಬೇಡ ಎಂದನಂತೆ.
ಎಷ್ಟು ವರ್ಷ ಆ ಮಾತಿನ ಮೇಲೆ ನನಗೆ ಸಿಟ್ಟಿತ್ತು!
ಹೆಸರು ಹಿಡಿದು ಕರೆದವನೇ
ಕೈ ಬಿಡು ಅನ್ನಬಹುದೇ?

ಗಂಟನ್ನು ಹಲ್ಲಿನಿಂದ ಬಿಡಿಸಿದೆ.
ನೆನೆಹಾಕಿದೆ. ನೀರು ಕಂದಾಯಿತು,
ಎರಡನೆಯ ಬಕೆಟ್ಟಿಗೆ ತಿಳಿಯಾಯಿತು.
ಸೆರಗಿನ ಹತ್ತಿರ ಒಂದು ಕಲೆ ಹೋಗಲೇ ಇಲ್ಲ.
ಇರಲಿ ಬಿಡು.
ಎದ್ದವನ ಕೈಯಲ್ಲೂ ಗುರುತು ಉಳಿದಿತ್ತು,
ತೋಮನಿಗೆ ತೋರಿಸಲು ಅವನು ನಾಚಲಿಲ್ಲ.

ಬೆಳಗಾಗುವಷ್ಟರಲ್ಲಿ ಒಣಗಿತ್ತು.
ನೀಲಿ ಉಗುರಿನಿಂದಲೇ
ಅಂಚಿಗೆ ಅಂಚು ಕೂಡಿಸಿದೆ,
ನಡುವೆ ಒಮ್ಮೆ ಅತ್ತೆ, ಮತ್ತೆ ಕೂಡಿಸಿದೆ.
ಬೇರೆ ಕಡೆ, ಗೂಡಿನಲ್ಲಿ, ಒಂದೇ ಇಟ್ಟೆ.

ಎಂಟೂವರೆಗೆ ಯೂನಿಟ್ಟು.
ಚಪ್ಪಲಿ ಮೆಟ್ಟಿ ಹೊರಟೆ.
ನಾಲ್ಕು ನೂರು ಕಾಯುತ್ತಿದ್ದವು.